ಹಿತ್ತಲದಾಗಿನ ಬಳ್ಳೊಳ್ಳಿ ಫ್ರಿಜ್ಜು

ಬಳ್ಳೊಳ್ಳಿ ಸುಟ್ಟು ಕೆಡದ ಹಂಗ ಇಡೋದ್ರಾಗ ನಮ್ಮತ್ತಿನ ಸರಿಗಟ್ಟವರು ಸಿಂದಗಿ ತಾಲೂಕಿನಾಗೇ ಯಾರೂ ಇಲ್ಲ. ಈ ಮಾತನ್ನ ನಾ ಯಾವ ಕಟ್ಟಿ ಮ್ಯಾಲೆ ಕುಂತು ಬೇಕಾದ್ರೂ ಹೇಳ್ತೇನಿ. ಸಣ್ಣದೊಂದು ವಿಷಯ ಅಷ್ಟೇ: ಈ ಕೆಲಸಕ್ಕ ಕೈ ಹಚ್ಚಿದಾಗ ಆಕಿ ಬಳ್ಳೊಳ್ಳಿದು ಒಂದು ಎಸಳೂ ಬಾಯಾಗ ಹಾಕ್ಕೊಂಡಿರಲಿಲ್ಲ!

ಅತ್ತಿ ಅಂದ್ರ ನಮ್ಮಪ್ಪನ ತಂಗಿ. ನಮ್ಮದು ವೈಷ್ಣವರ ಮನಿತನ. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ಹೊಸ್ತಲಾ ದಾಟಂಗಿಲ್ಲ. ನಾ ಇಂಡಿಯೊಳಗ ಸಾಲಿ ಮಾಸ್ತರ, ಸೂಟಿ ಸಿಕ್ಕಾಗೆಲ್ಲ ಅತ್ತಿ ಮನಿಗೆ ಹೋಗಾಂವ; ಹೊರಗ ಉಣ್ಣೋ ಪ್ರಸಂಗ ಬಂದ್ರ ಚಟ್ನಿ ಮೂಸಿ ಬಾಜೂಕ ಸರಿಸಿ ಉಣ್ಣಾಂವ. ಆದ್ರ ನನ್ನ ಮೂಗು ಅತ್ತಿ ಮೂಗಿನ ಮುಂದ ಏನು? ಬಸ್ಸಿನಾಗ ಮುಂದಿನ ಸೀಟಿನವರು ಬುತ್ತಿ ಗಂಟಿಗೆ ಕೈ ಹಚ್ಚೋದ್ರಾಗೇ ಈಕಿ ಹಿಂದ ಕುಂತು, "ಶೇಂಗಾ ಚಟ್ನಿ ಅದ. ಬಳ್ಳೊಳ್ಳಿ ಕೈ ಬಿಟ್ಟು ಹಾಕ್ಯಾರ" ಅಂದು ಮೂಗಿಗೆ ಸೆರಗು ಹಿಡದ್ರ, ಬಸವನ ಬಾಗೇವಾಡಿ ಸ್ಟ್ಯಾಂಡ್ ಬರೋತನಕ ಬಿಡ್ತಿರಲಿಲ್ಲ.

ಇನ್ನ ಆಕಿ ಅಡಿಗಿ! ನಮ್ಮಾಗ ದೇವರಿಗೆ ನೈವೇದ್ಯ ಆಗೋತನಕ ಅಡಿಗಿ ರುಚಿ ನೋಡಂಗಿಲ್ಲ. ಹಿಂಗಾಗಿ ಅತ್ತಿ ಜೀವಮಾನ ಪೂರ್ತಿ ರುಚಿ ನೋಡದೇನ ಅಡಿಗಿ ಮಾಡ್ಯಾಳ, ಒಂದು ದಿನಾನೂ ಉಪ್ಪು ತಪ್ಪಿಲ್ಲ. ಸಾರು ಕುದಿಯೋ ಸಪ್ಪಳ ಕೇಳಿ, "ಇನ್ನ ಚೂರು ಉಪ್ಪು ಬೇಕು" ಅಂತಾಳ.

"ಅತ್ತಿ, ಉಪ್ಪು ಸಪ್ಪಳ ಮಾಡ್ತದೇನ?" ಅಂತ ಒಮ್ಮೆ ಕೇಳಿದೆ.

"ಮಾಡ್ತದ. ನಿನಗ ಕೇಳಸಂಗಿಲ್ಲ, ಅದಕ್ಕ ನಿನ್ನ ಉಪ್ಪಿಟ್ಟು ನಾಯಿನೂ ಮೂಸಂಗಿಲ್ಲ" ಅಂದಳು.

ಇಂಥಾಕಿ ಮನಿಗೆ ಬಳ್ಳೊಳ್ಳಿ ಬಂದದ್ದು ಹೆಂಗ? ಅತ್ತಿ ಮಗ ಮುದ್ದೇಬಿಹಾಳದಾಗ ನೌಕರಿ ಮಾಡಾಂವ, ವಾರಕ್ಕೊಮ್ಮೆ ಮನಿಗೆ ಬರ್ತಾನ. ಆಲಮೇಲದ ಕಡೆ ಒಕ್ಕಲುತನದ ಮನಿ ಹುಡುಗಿನ್ನ ಮೆಚ್ಚಿ ಮದುವಿ ಆದ. ಅತ್ತಿ ಮನಿಗೆ ಕಾಲಿಟ್ಟ ದಿನದಿಂದ ಸೊಸಿ ಬಳ್ಳೊಳ್ಳಿ ಬಿಟ್ಟಳು. ಬಿಡು ಅಂತ ಯಾರೂ ಅಂದಿರಲಿಲ್ಲ; ತಿನ್ನು ಅಂತನೂ ಯಾರೂ ಅನ್ನಲಿಲ್ಲ. ಭಾಳ ಮೆತ್ತನ ಹುಡುಗಿ. ಏನ ಕೊಟ್ರೂ "ಛಲೋ ಐತ್ರಿ" ಅನ್ನಾಕಿ.

ಆಮ್ಯಾಲೆ ಸೊಸಿ ಹಡೆದಳು, ಹೆಣ್ಣುಕೂಸು. ಆಕಿಗೆ ತಾಯಿ ಇಲ್ಲ, ಸಣ್ಣಾಕಿದ್ದಾಗೇ ತೀರಿಕೊಂಡಾಳ. ಹಿಂಗಾಗಿ ಬಾಣಂತನ ಅತ್ತಿ ಕೊರಳಿಗೇ ಬಿತ್ತು. ಆದ್ರ ಬಾಣಂತಿಗೆ ಹಾಲು ಸಾಲವಲ್ವು. ಕೂಸು ಎದಿಗೆ ಬಾಯಿ ಹಚ್ಚೋದು, ಬಿಡೋದು, ಅಳೋದು. "ತಾಯಿ ಹೊಟ್ಟಿ ತುಂಬ ಉಣ್ಣಲಿ, ಹಾಲು ಬರ್ತಾವ" ಅಂದ್ರು ಡಾಕ್ಟರಮ್ಮ. ಉಣ್ಣೋದು ಹೆಂಗ? ಅತ್ತಿಯ ಮಡಿ ಅಡಿಗಿ ಆಕಿಗೆ ಗಂಟಲದಾಗ ಇಳೀತಿರಲಿಲ್ಲ. ಕೂಸು ದಿನಾ ಸೊರಗಾಕತ್ತಿತ್ತು.

ನೋಡಿ ಹೋಗಾಕ ಬಂದ ಸೊಸಿ ದೊಡ್ಡವ್ವ ಅಂಜಿಕೋತ ಬಾಯಿ ಬಿಟ್ಟಳು: "ತಪ್ಪ ತಿಳ್ಕೋಬ್ಯಾಡ್ರಿ ಬೀಗತಿ. ನಮ್ಮಾಗ ಬಾಣಂತಿಗೆ ಸುಟ್ಟ ಬಳ್ಳೊಳ್ಳಿ ಕೊಡ್ತೀವ್ರಿ. ಅದಿಲ್ಲಂದ್ರ ನಮ್ಮ ಹುಡುಗ್ಯಾರಿಗೆ ರೊಟ್ಟಿ ಸೇರಂಗಿಲ್ಲ."

ಮಾಮಾ, ಅಂದ್ರ ಅತ್ತಿ ಗಂಡ, ಪೇಪರಿನ ಹಿಂದ ಮಾರಿ ಮುಚ್ಚಿಕೊಂಡ. ನಾ ಫ್ಯಾನ್ ನೋಡಿದೆ. ಅತ್ತಿ ಕೂಸಿನ ಮಾರಿ ನೋಡಿದಳು, ದೇವರ ಮನಿ ಕಡೆ ನೋಡಿದಳು. "ಹೆಂಗ ಸುಡ್ತೀರಿ, ಹೇಳ್ರಿ" ಅಂದಳು.

ಅಲ್ಲಿಂದ ಮುಂದ ನಡೆದದ್ದನ್ನ ನೋಡೇ ನಂಬಬೇಕು. ದಿನಾ ಸುಟ್ರ ದಿನಾ ಮತ್ತೊಂದು ಜಳಕ, ಮತ್ತೊಮ್ಮೆ ಮಡಿ. ಅದಕ್ಕ ಅತ್ತಿ ವಿಚಾರ ಮಾಡಿದ್ಲು: ವಾರಕ್ಕೊಮ್ಮೆ ಸುಟ್ಟು ಬರ್ಫಿನಾಗ ಇಟ್ಟುಬಿಟ್ರ? ಮೂಲ್ಯಾಗ ಬಿದ್ದಿದ್ದ ಹಳೇ ಫ್ರಿಜ್ಜನ್ನ ಹಿತ್ತಲದ ತಗಡಿನ ಕೆಳಗ ನಿಲ್ಲಿಸಿದ್ರು. ದಸರಾದ ಪೂಜಿಯಾಗ ಒಳಗಿನ ಫ್ರಿಜ್ಜಿಗೆ ಅರಿಷಿಣ, ಕುಂಕುಮ, ಹೂವು ಎಲ್ಲಾ ಆತು. ಹೊರಗಿನದಕ್ಕ ಬಾಗಿಲದಾಗ ನಿಂತೇ ಅಕ್ಷತಾ ಒಗೆದಳು. "ಅದೂ ದುಡೀತದಲ್ಲ" ಅಂದಳು.

ಸುಡೋ ದಿನ ಸೀರಿಗೆ ವಾಸನಿ ಹತ್ತಬಾರದು ಅಂತ ಮಾಮಾನ ರೇನ್‌ಕೋಟು ಹಾಕ್ಕೋತಿದ್ಲು, ಟೊಪ್ಪಿಗಿ ಸಮೇತ. ಮೊದಲನೇ ಸಲ ಆ ಅವತಾರ ನೋಡಿದ ಬಾಜೂಮನಿಯಾಕಿ ಮಾಳಗಿ ಮ್ಯಾಲೆ ಒಣಾಕ ಹಾಕಿದ್ದ ಹಪ್ಪಳ ಎಲ್ಲಾ ಬಾಚಿಕೊಂಡು ಒಳಗ ಓಡಿದ್ಲು. ಸುಡುಸುಡು ಬಿಸಿಲು, ಮ್ಯಾಲೆ ಒಂದು ಮೋಡ ಇಲ್ಲ!

ಕೆಲಸ ಮಾತ್ರ ಕಣ್ಣಿಗೆ ಒತ್ತಿಕೊಳ್ಳೋ ಹಂಗ. ಗಡ್ಡಿ ತಲಿ ಕೊಯ್ದು, ಎಣ್ಣಿ ಸವರಿ, ಬಂಡಿಯೊಳಗ, ಅಂದ್ರ ಬಾಣಲಿಯೊಳಗ ಮುಚ್ಚಿ, ಸಣ್ಣ ಉರಿ. ಆರಿದ ಮ್ಯಾಲೆ ಎಸಳು ಹಿಚುಕಿ ತಗದು, ತಾಟಿನಾಗ ಒಂದಕ್ಕೊಂದು ತಾಕದ ಹಂಗ ಹರವಿ ಫ್ರಿಜ್ಜಿನ ಬರ್ಫಿನ ಖಾನ್ಯಾಗ ಇಡೋದು. ಹರಳಿನಂಗ ಗಟ್ಟಿ ಆದ ಮ್ಯಾಲೆ ಡಬ್ಬಿಗೆ. ಆವಾಗ ಒಂದು ಬೇಕಂದ್ರ ಒಂದೇ ಬರ್ತದ. ದಿನಾ ಊಟದ ಹೊತ್ತಿಗೆ ಸೊಸಿನೇ ನಾಕು ಎಸಳು ತಗದು ತುಪ್ಪದಾಗ ಬಿಸಿ ಮಾಡ್ಕೊಂಡು, ಬಿಸಿ ರೊಟ್ಟಿ ಮ್ಯಾಲೆ. ಪ್ರತಿ ಸಲ ಅದೇ ಬಣ್ಣ, ಹಳೇ ಹುಣಸಿಹಣ್ಣಿನ ಬಣ್ಣ.

"ಆತು ಅಂತ ಹೆಂಗ ತಿಳೀತದ ನಿನಗ?" ಅಂದೆ.

"ವಾಸನಿ ಪೂರ್ತಿ ಸತ್ತಾಗ ಇಳಸೋದು. ಅಷ್ಟೇ." ನಾ ಕೈ ಮುಗಿಯೋದೊಂದು ಬಾಕಿ.

ಸೊಸಿ ತಿಂದಳು. "ಛಲೋ ಐತ್ರಿ" ಅಂದಳು. ಆದ್ರ ರೊಟ್ಟಿ ಅರ್ಧಕ್ಕೇ ನಿಲ್ತಿತ್ತು, ಕೂಸಿನ ಅಳು ನಿಲ್ಲಲಿಲ್ಲ. ಅತ್ತಿ ಇನ್ನಷ್ಟು ಸುಟ್ಟಳು. ಹಸಿ ಉಳೀತೇನೋ ಅಂತ ಇನ್ನೂ ಹೊತ್ತು ಇಟ್ಟು ಸುಟ್ಟಳು. ಏನೂ ಉಪಯೋಗ ಆಗಲಿಲ್ಲ. ಕೂಸಿಗೆ ಮೇಲಿನ ಹಾಲು, ಆಕಳ ಹಾಲು, ಕುಡಿಸೋ ಮಾತು ಬಂತು.

ಒಂದು ಮಧ್ಯಾಹ್ನ ನಾ ಹೋದಾಗ ಅತ್ತಿ ಬಾಗಿಲ ಸಂದ್ಯಾಗ ನಿಂತು ಒಳಗ ನೋಡ್ಲಿಕತ್ತಿದ್ಲು. ನನಗೂ ಸುಮ್ಮನಿರು ಅಂತ ಕೈ ಮಾಡಿದ್ಲು. ಒಳಗ ಸೊಸಿ ಬಳ್ಳೊಳ್ಳಿ ಎಸಳು ನಾಲಿಗಿ ಮ್ಯಾಲಿಟ್ಟು, ಕಣ್ಣು ಮುಚ್ಚಿ, ನೀರು ಕುಡಿದು ನುಂಗಿದಳು, ಗುಳಿಗಿ ನುಂಗಿದಂಗ.

ಅತ್ತಿ ಸರಸರ ಹಿತ್ತಲಕ್ಕ ನಡೆದಳು. ಬಂಡಿಯೊಳಗ ಅವತ್ತೇ ಸುಟ್ಟ ಬಳ್ಳೊಳ್ಳಿ ಇತ್ತು. "ಅತ್ತಿ, ಏನ ಮಾಡ್ತಿ?" ಅನ್ನೋದ್ರಾಗ ಒಂದು ಎಸಳು ಬಾಯಾಗ ಹಾಕ್ಕೊಂಡಿದ್ಲು. ನಮ್ಮ ಮನಿತನದಾಗ ಯಾರೂ ಮಾಡದ ಕೆಲಸ. ಆಕಿ ಕಚ್ಚಿದಳು, ಅಗಿದಳು, ಮಾರಿ ಹಿಂಡಿದಳು. "ಕಹಿ ಅದ" ಅಂದಳು. "ಸುಟ್ಟು ಕರಕಾಗ್ಯದ. ಇದನ್ನ ಆ ಹುಡುಗಿ ದಿನಾ ತಿಂದಾಳ."

ಜಳಕ ಇಲ್ಲ, ಮಡಿ ಇಲ್ಲ, ಹಂಗೇ ಸೊಸಿ ಹತ್ರ ಹೋಗಿ ಕುಂತಳು. "ಯಾಕ ಹೇಳಲಿಲ್ಲವಾ?"

ಸೊಸಿ ಕೆಳಗ ನೋಡಿದಳು. "ಬಿಸಲಾಗ ಕುಂತು ಸುಡ್ತೀರ್ರಿ. ಹೆಂಗ ಹೇಳ್ಲಿ? ನಮ್ಮವ್ವ ಇದ್ದಿದ್ರ ಜಗಳಾ ಮಾಡ್ತಿದ್ದೆ."

ಅತ್ತಿ ಆಕಿ ಗದ್ದ ಹಿಡಿದು ಮಾರಿ ಮ್ಯಾಲೆತ್ತಿದಳು. "ಹಂಗಾದ್ರ ನನ್ನ ಜೋಡಿ ಮಾಡು" ಅಂದಳು.

ಆ ಮ್ಯಾಲೆ ಸೊಸಿ ಕೂಸಿನ್ನ ಎತ್ತಿಕೊಂಡು ಹಿತ್ತಲ ಬಾಗಿಲದಾಗೇ ಕುಂದರ್ತಿದ್ಲು, ಎಸಳು ಜೇನಿನ ಬಣ್ಣಕ್ಕ ಬರ್ತಿದ್ದಂಗ ಇಳಸ್ರಿ ಅಂತಿದ್ಲು. ಒಂದು ರೊಟ್ಟಿ ಹೋಗಿ ಎರಡಾದ್ವು, ಎರಡು ಹೋಗಿ ಮೂರು. ಹಾಲು ಬಂತು. ಎದಿ ಹಿಡಿದ ಕೂಸು ನಿದ್ದಿ ಹತ್ತೋತನಕ ಬಿಡದಂಗಾತು.

ಮೊನ್ನೆ ಹೋದಾಗ ಅತ್ತಿ ಒಲಿ ಮುಂದ ಇದ್ದಳು. ಬಾಗಿಲದಾಗ ಕುಂತ ಸೊಸಿ, "ಇಳಸ್ರಿ" ಅಂದಳು.

"ತಡಿಯವಾ, ನನಗ ಗೊತ್ತದ."

"ನಿಮಗೇನ ಗೊತ್ತೈತ್ರಿ? ಮತ್ತ ಕರಕ ಮಾಡ್ತೀರಿ. ಇಳಸ್ರಿ ಅಂದ್ರ ಇಳಸ್ರಿ!"

ಆ ಮನಿಯೊಳಗ ಅತ್ತಿಗೆ ಹಂಗ ಒದರಿದವರನ್ನ ನಾ ನೋಡಿಲ್ಲ. ಪಡಸಾಲ್ಯಾಗ ಮಾಮಾ ಪೇಪರು ಕೆಳಗ ಇಳಿಸಿದ. ಅತ್ತಿ ಗಡಬಡಿಸಿ ಬಂಡಿ ಇಳಿಸಿದಳು. ನನ್ನ ಕಡೆ ತಿರುಗಿದಾಗ ಕಣ್ಣ ತುಂಬ ನೀರು, ಮಾರಿ ತುಂಬ ನಗು.

"ಕೇಳಿದೇನೋ?" ಅಂದಳು. "ನನ್ನ ಮಗಳು ನನಗ ಬೈಲಿಕತ್ತಾಳ."