ನಾನು ಆಂಪ್ಲಿಫೈಯರ್ ಆರಿಸಿದ್ದು

ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ನನಗೊಂದು ಹೆಸರಿದೆ. ಸೊಪ್ಪಿನ ಗಂಟಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿಕೊಂಡೇ ಅದು ಯಾವ ದರ್ಜೆಯದು ಎಂದು ಹೇಳಿಬಿಡುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುತ್ತದೆ. ಇಂಥ ಮನುಷ್ಯನಿಗೆ ಒಂದು ಆಂಪ್ಲಿಫೈಯರ್ ಆರಿಸುವುದು ಎಷ್ಟರ ಕೆಲಸ?

ನಮ್ಮ ಮನೆಯ ಸ್ಟೀರಿಯೋದಲ್ಲಿ ಸ್ಪೀಕರ್ ಎರಡೂ ಗಟ್ಟಿಮುಟ್ಟಾಗಿದ್ದವು. ಆಂಪ್ಲಿಫೈಯರ್ ಮಾತ್ರ ಹೋದ ಬೇಸಿಗೆಯಲ್ಲಿ ಸುಟ್ಟುಹೋಯಿತು. ಸಿಕ್ಕಿದ್ದನ್ನು ತಂದು ಕೂರಿಸುವ ಜಾಯಮಾನ ನನ್ನದಲ್ಲ. ಆರು ತಿಂಗಳು ಮೊಬೈಲಿನಲ್ಲಿ ಓದಿದೆ, ವಿಡಿಯೋ ನೋಡಿದೆ, ಅರ್ಥವಾಗದ ಕಡೆ ತಲೆಯಾಡಿಸಿದೆ. ಕೊನೆಗೆ ಮನೆಯಲ್ಲಿ ಸಭೆ ಕರೆದೆ. ಸಭೆ ಎಂದರೆ ನಾನು ಮತ್ತು ನನ್ನ ಹೆಂಡತಿ ಭಾಗ್ಯ.

"ಈ ಸಲ ವಾಲ್ವ್ ಆಂಪ್ಲಿಫೈಯರ್ ತರೋದು ಅಂತ ತೀರ್ಮಾನ ಆಗಿದೆ" ಎಂದು ಪ್ರಕಟಿಸಿದೆ.

"ಅಂಗಂದ್ರೇನ್ರೀ?"

"ಹಳೇ ರೇಡಿಯೋ ಒಳಗೆ ಗಾಜಿನ ಬುರುಡೆಗಳು ಕೆಂಪಗೆ ಉರೀತಿದ್ವಲ್ಲ, ಅದೇ ಕಣೇ. ಈಗ ಅದೇ ಎಲ್ಲಕ್ಕಿಂತ ಮೇಲಿನ ದರ್ಜೆ."

"ಹಳೇ ರೇಡಿಯೋ ಅಟ್ಟದ ಮೇಲೇ ಅದೆಯಲ್ಲ."

ಈ ವಿಷಯದಲ್ಲಿ ಅವಳಿಗೆ ತಿಳಿವಳಿಕೆ ಸಾಲದು ಎಂದು ಮನಸ್ಸಿನಲ್ಲೇ ದಾಖಲಿಸಿಕೊಂಡೆ.

ಮೈಸೂರಿನ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವರು ಬಿಳಿ ಗಡ್ಡದ, ಮೆಲುಮಾತಿನ ಮನುಷ್ಯ. ಮೇಜಿನ ಮೇಲೆ ಎರಡು ಆಂಪ್ಲಿಫೈಯರ್ ಇಟ್ಟು, ಒಬ್ಬ ಹೆಂಗಸು ಹಾಡಿದ ಹಾಡೊಂದನ್ನು ಹಾಕಿದರು. "ಮೊದಲು ಎಡಗಡೇದು ಕೇಳಿ ಸಾರ್. ಆಮೇಲೆ ಬಲಗಡೇದಕ್ಕೆ ಬದಲಾಯಿಸ್ತೀನಿ" ಎಂದರು.

ನಾನು ಹರಾಜು ಕಟ್ಟೆಯಲ್ಲಿ ನಿಲ್ಲುವ ಭಂಗಿಯಲ್ಲೇ ಕಣ್ಣು ಮುಚ್ಚಿ ನಿಂತೆ. ಸ್ವಲ್ಪ ಹೊತ್ತಿಗೆ ಟಕ್ ಎಂದು ಸದ್ದಾಯಿತು. ಕೈಯೆತ್ತಿದೆ. "ಹಾಂ, ಈಗ ನೋಡಿ. ಮೊದಲಿನದು ಒರಟು. ಇದು ಮೆತ್ತಗಿದೆ, ಆಳವಾಗಿದೆ. ಇದರ ಮುಂದೆ ಅದು ತಗಡು" ಎಂದೆ.

ಅಂಗಡಿಯವರು ಬಹಳ ಮರ್ಯಾದೆಯಿಂದ ಹೇಳಿದರು: "ಸಾರ್, ನಾನಿನ್ನೂ ಬದಲಾಯಿಸಿಲ್ಲ. ಅದು ಫ್ಯಾನ್ ಆಫ್ ಮಾಡಿದ್ದು."

ಭಾಗ್ಯ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಅತಿ ಆಸಕ್ತಿಯಿಂದ ಓದತೊಡಗಿದಳು. ನಾನು ಕೆಮ್ಮಿದೆ. ಅವರು ನಿಜವಾಗಿಯೂ ಬದಲಾಯಿಸಿದರು. ಈ ಸಲ ನಾನು ಕಣ್ಣು ಬಿಟ್ಟುಕೊಂಡೇ ನಿಂತೆ. ಅಷ್ಟರಲ್ಲಿ ಭಾಗ್ಯ ಕ್ಯಾಲೆಂಡರಿನಿಂದ ತಿರುಗದೆ, "ಇದೇ ಚೆನ್ನಾಗದೆ ಕಣ್ರೀ. ಆಯಮ್ಮ ಹಾಡೋಕೆ ಮುಂಚೆ ಉಸಿರು ತಗೊಂಡಿದ್ದು ಕೇಳುಸ್ತು" ಎಂದಳು.

ಅಂಗಡಿಯವರು ನನ್ನ ಕಡೆ ನೋಡುವುದನ್ನು ಬಿಟ್ಟು ಅವಳ ಕಡೆ ನೋಡಿದರು. "ಅಮ್ಮ ಸರಿಯಾಗಿ ಹೇಳಿದ್ರು. ಇದು ವಾಲ್ವ್. ಎಂಟೇ ವಾಟ್, ಆದರೆ ಒಂದೊಂದು ವಾಟೂ ಅಪ್ಪಟ."

"ನನ್ನ ಅಭಿಪ್ರಾಯವೂ ಅದೇ" ಎಂದೆ.

ಹೀಗೆ ನಾನು ಆಂಪ್ಲಿಫೈಯರ್ ಆರಿಸಿದೆ. ಅಕ್ಕಿಮೂಟೆಯಷ್ಟು ಭಾರದ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದೆ. ಕೆಳಗಿಡಿ ಎಂದು ಕಂಡಕ್ಟರ್ ಎರಡು ಸಲ ಹೇಳಿದರೂ ಇಡಲಿಲ್ಲ. ಹುಣಸೂರು ದಾಟುವ ಹೊತ್ತಿಗೆ ಕಾಲು ಎರಡೂ ನನ್ನವಲ್ಲ ಎನಿಸಿತ್ತು. ನಮ್ಮೂರಿನಲ್ಲಿ ಇಳಿಯಲು ಹೋಗಿ ಕಂಡಕ್ಟರ್ ಹೆಗಲಿಗೇ ಜೋತುಬಿದ್ದೆ. ಆಂಪ್ಲಿಫೈಯರನ್ನು ಭಾಗ್ಯ ಇಳಿಸಿಕೊಂಡಳು.

ಮನೆಯಲ್ಲಿ ಜೋಡಿಸಿ, ಸ್ವಿಚ್ ಹಾಕಿದೆ. ನಾಲ್ಕು ಗಾಜಿನ ಬುರುಡೆಗಳು ಮೆಲ್ಲಗೆ ಕೆಂಪಾದವು. ನೋಡುವುದಕ್ಕೆ ಗರ್ಭಗುಡಿಯಂತಿತ್ತು. ಕೇಳುವುದಕ್ಕೆ ಜೇನುಗೂಡಿನಂತಿತ್ತು. ಹಾಡು ಹಾಕಿದರೂ ಹಾಕದಿದ್ದರೂ ಗುಂಯ್ ಎನ್ನುವ ಒಂದೇ ಸದ್ದು.

ಅಪರಾಧಿ ಯಾರೆಂದು ನನಗೆ ತಕ್ಷಣ ಹೊಳೆಯಿತು. ಪಕ್ಕದ ಮನೆಯ ಸ್ವಾಮಣ್ಣನ ಬೋರ್‌ವೆಲ್ ಮೋಟಾರು. ಸ್ವಾಮಣ್ಣ ಸುತ್ತಿನ ಹತ್ತು ಹಳ್ಳಿಗೆ ಶಾಮಿಯಾನ, ಮೈಕ್‌ಸೆಟ್ ಒದಗಿಸುವವನು. ಅವನ ಜೊತೆಗೆ ಒಂದು ಶಾಸ್ತ್ರೀಯ ಚರ್ಚೆ ನಡೆಸಿ, ಶುಂಠಿಗೆ ನೀರು ಹಾಯಿಸುತ್ತಿದ್ದವನಿಂದ ಮೋಟಾರು ಬಂದ್ ಮಾಡಿಸಿದೆ. ಗುಂಯ್ ನಿಲ್ಲಲಿಲ್ಲ. ಮಾರನೆಯ ದಿನ ಅವನ ಫ್ರಿಜ್ ಆಫ್ ಮಾಡಿಸಿದೆ. ಮೂರನೆಯ ದಿನ ಅವನ ಮನೆಯ ಮೇನ್ ಸ್ವಿಚ್ಚನ್ನೇ ತೆಗೆಸಿದೆ.

"ಅಣ್ಣ, ಇನ್ನುಳಿದಿರೋದು ನಾನೊಬ್ನೇ. ನಾನೂ ಊರು ಬುಟ್ಟು ಹೋಗ್ಲಾ?" ಎಂದ ಸ್ವಾಮಣ್ಣ.

ಆಗ ಭಾಗ್ಯ ಒಂದು ಕೊಡ ನೀರು ಹಿಡಿದು ಹಿತ್ತಲಿಗೆ ಹೋದಳು. "ಅರ್ತಿಂಗ್ ಗುಂಡಿಗೆ ನೀರು ಉಯ್ದು ಎರಡು ವರ್ಸ ಆಯ್ತಲ್ರೀ. ಮಿಕ್ಸಿ ಮುಟ್ಟಿದ್ರೆ ಜುಮ್ ಅಂತದೆ ಅಂತ ಎಷ್ಟು ಸಲ ಏಳಿಲ್ಲ ನಾನು?" ಎನ್ನುತ್ತ ಒಣಗಿ ಬಿರುಕುಬಿಟ್ಟಿದ್ದ ಗುಂಡಿಗೆ ನೀರು ಸುರಿದಳು. ಒಂದು ಕೊಡ, ಎರಡು ಕೊಡ. ಮೂರನೆಯ ಕೊಡಕ್ಕೆ ಜೇನುಹುಳುಗಳೆಲ್ಲ ಎದ್ದುಹೋದಂತೆ ಮನೆ ನಿಶ್ಶಬ್ದವಾಯಿತು.

ನಾನು ಸ್ವಾಮಣ್ಣನಿಗೆ ಅರ್ತಿಂಗಿನ ಮಹತ್ವವನ್ನು ವಿವರಿಸಿದೆ.

ಭಾನುವಾರ ಬೆಳಗ್ಗೆ ಉದ್ಘಾಟನೆ. ಸ್ವಾಮಣ್ಣನ ಮನೆಯವರು, ಬೀದಿಯ ಹತ್ತು ಜನ, ಭಾಗ್ಯಳ ಚಿಕ್ಕಮ್ಮ ಪುಟ್ಟತಾಯಮ್ಮ, ಎಲ್ಲರೂ ಬಂದು ಚಾಪೆಯ ಮೇಲೆ ಕೂತರು. ನಾದ ಎಂದರೇನು, ಸದ್ದು ಎಂದರೇನು ಎಂದು ಕಾಲು ಗಂಟೆ ಭಾಷಣ ಮಾಡಿ, ವೀಣೆ ಹಾಕಿದೆ. ಎರಡು ನಿಮಿಷ ಕೇಳಿದ ಸ್ವಾಮಣ್ಣ ಕೇಳಿದ: "ಚೆನ್ನಾಗದೆ ಕಣಣ್ಣ. ಸ್ಟಾರ್ಟ್ ಮಾಡೋದು ಯಾವಾಗ?"

"ಸ್ಟಾರ್ಟ್ ಆಗಿದೆ."

"ಎಷ್ಟು ವಾಟು?"

"ಎಂಟು."

ಸ್ವಾಮಣ್ಣನ ಗೋಡೌನಿನಲ್ಲಿ ಎಂಟು ವಾಟಿನದು ಬಲ್ಬು ಮಾತ್ರ ಇರುವುದು.

ಸಭೆ ಕದಲತೊಡಗಿತು. ನನ್ನ ಮರ್ಯಾದೆ ಕೈಬಿಡುವ ಹೊತ್ತಿಗೆ ಪುಟ್ಟತಾಯಮ್ಮ, "ಅಳೀಮಯ್ಯ, ಇದು ಬೇಡ. ನಿಮ್ಮ ಮದ್ವೇಲಿ ನಮ್ಮಕ್ಕ ಸೋಬಾನೆ ಏಳಿದ್ಲಲ್ಲ, ಆ ಕ್ಯಾಸೆಟ್ ಹಾಕಪ್ಪ" ಎಂದರು.

ಅದು ನಮ್ಮ ಮದುವೆಯಲ್ಲಿ ಸ್ವಾಮಣ್ಣನ ಅಪ್ಪ ಚಪ್ಪರದಲ್ಲಿ ಮೈಕು ಇಟ್ಟು ರೆಕಾರ್ಡ್ ಮಾಡಿದ ಕ್ಯಾಸೆಟ್. ಹಾಡಿದ್ದು ಭಾಗ್ಯಳ ಅವ್ವ, ನನ್ನ ಅತ್ತೆ. ಅವರು ತೀರಿಕೊಂಡ ಮೇಲೆ ಭಾಗ್ಯ ಅದನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಳು. ಹಳೆಯ ಟೇಪ್‌ರೆಕಾರ್ಡರಿನಲ್ಲಿ ಹಾಕಿದಾಗಲೆಲ್ಲ ಹಾಡು ಸುಮಾರಾಗಿ ಕೇಳಿಸುತ್ತಿತ್ತು, ಹಾಡಿನ ಮಧ್ಯೆ ಬರೀ ಗುಜುಗುಜು. ಟೇಪಿನ ವೈರನ್ನು ಆಂಪ್ಲಿಫೈಯರಿಗೆ ಕೊಟ್ಟೆ.

ಅತ್ತೆ ಹಾಡತೊಡಗಿದರು. ಯಾರೂ ಅಲುಗಾಡಲಿಲ್ಲ. ಅವರ ಬಳೆಯ ಸದ್ದು, ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿಕೊಂಡ ಸದ್ದು, ಎಲ್ಲವೂ ಇದೇ ಹಜಾರದಲ್ಲಿ ಆದಂತೆ ಕೇಳಿಸಿತು. ಭಾಗ್ಯ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನ್ನ ಎದೆ ಉಬ್ಬಿತು. "ಕೇಳಿಸ್ತಾ ಸ್ವಾಮಣ್ಣ? ಇದಕ್ಕೇ ವಾಲ್ವ್ ಬೇಕಾಗೋದು. ಇದರಲ್ಲಿ ಯಾವುದೂ ಮುಚ್ಚಿಟ್ಟುಕೊಳ್ಳೋಕೆ ಆಗಲ್ಲ" ಎಂದೆ.

ಹಾಡು ನಿಂತಿತು. ಆ ಗುಜುಗುಜು ಬರುವ ಜಾಗ ಬಂತು. ಈಗ ಅಲ್ಲಿ ಗುಜುಗುಜು ಇರಲಿಲ್ಲ. ಪುಟ್ಟತಾಯಮ್ಮನ ಎಳೆಯ ದನಿ ಸ್ಪಷ್ಟವಾಗಿ ಹೇಳಿತು: "ಅಕ್ಕ, ಗಂಡು ಯಾಕೋ ಮಂಕು ಥರ ಅವ್ನಲ್ಲಕ್ಕ."

ಅತ್ತೆಯ ದನಿ ಅಷ್ಟೇ ಸ್ಪಷ್ಟವಾಗಿ ಉತ್ತರ ಕೊಟ್ಟಿತು: "ಮಂಕಾದ್ರೆ ಆಗ್ಲಿ ಬುಡು. ನಮ್ ಭಾಗ್ಯ ಚುರುಕಾಗವ್ಳೆ. ಎಂಗೋ ನಡುಸ್ಕೊಂಡು ಓಯ್ತಾಳೆ."

ಆಮೇಲೆ ಮುಂದಿನ ಹಾಡು.

ಪುಟ್ಟತಾಯಮ್ಮ ಚಾಪೆಯ ಅಂಚನ್ನು ಸರಿಮಾಡುತ್ತ, "ಆಗಿನ್ನೂ ನಂಗೆ ಬುದ್ಧಿ ಇರ್ಲಿಲ್ಲ ಅಳೀಮಯ್ಯ" ಎಂದರು. ಭಾಗ್ಯ ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. ಸೆರಗು ಬಾಯಿಗೆ ಹೋಗಿತ್ತು. ಎಷ್ಟೋ ವರ್ಷಗಳ ಮೇಲೆ ಅವ್ವ ಹಾಡಿದ್ದಲ್ಲ, ಮಾತಾಡಿದ್ದು ಕೇಳಿದ್ದಳು. "ಇನ್ನೊಂದ್ಸಲ ಹಾಕ್ರೀ" ಎಂದಳು.

"ಎಂಟು ವಾಟಲ್ಲಿ ಏನು ಕ್ಲಿಯರ್ ಅಣ್ಣ" ಎಂದ ಸ್ವಾಮಣ್ಣ. ನಿಜವಾದ ಗೌರವದಿಂದಲೇ.

ಹಾಕಿದೆ. ಆ ಬೆಳಗ್ಗೆ ಐದು ಸಲ ಹಾಕಿದೆ.

ಈಗ ಸುತ್ತಮುತ್ತ ನನ್ನ ಸೆಟ್ಟಿಗೆ ಬಹಳ ಹೆಸರು ಬಂದಿದೆ. ನಿನ್ನೆ ಕೊಪ್ಪದಿಂದ ಭಾಗ್ಯಳ ತಮ್ಮ ಬಂದಿದ್ದ. ಕಾಫಿ ಲೋಟ ಕೆಳಗಿಟ್ಟು, "ಭಾವ, ಆ ಜಾಗ ಒಸಿ ಹಾಕಿ ಕೇಳನ" ಎಂದ. ನಾನು ವೀಣೆ ಹಾಕಲೇ ಎಂದು ಕೇಳಲೂ ಇಲ್ಲ. ಟೇಪು ತಿರುಗಿಸಿ, ಒಂದೇ ಏಟಿಗೆ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದೆ. ಹೆಮ್ಮೆಯಿಂದ ಹೇಳುತ್ತೇನೆ, ಇಂಥ ಆಂಪ್ಲಿಫೈಯರ್ ಈ ತಾಲ್ಲೂಕಿನಲ್ಲಿ ಇನ್ನೊಬ್ಬರ ಮನೆಯಲ್ಲಿಲ್ಲ. "ಮಂಕು" ಎನ್ನುವಾಗ ಮಕಾರದ ಪಕ್ಕದ ಸೊನ್ನೆ ಕೂಡ ಬಿಡಿಯಾಗಿ ಕೇಳಿಸುತ್ತದೆ.