ಮೂರು ಬಿಲ್ಲೆಯ ಮಾವ

ನಮ್ಮ ಸೋದರಮಾವನನ್ನು ಇಸ್ಪೀಟಿನಲ್ಲಿ ಸೋಲಿಸುವುದು ಸುಲಭ. ಕುರ್ಚಿಯಿಂದ ಎಬ್ಬಿಸುವುದು ಕಷ್ಟ! ಹಾಸನವಿರಲಿ, ಅರಕಲಗೂಡಿರಲಿ, ಎಲ್ಲಿ ಪೋಕರ್ ಟೂರ್ನಮೆಂಟ್ ನಡೆದರೂ ಮೊದಲ ಅರ್ಧ ಗಂಟೆಯಲ್ಲೇ ಬಿಲ್ಲೆಗಳನ್ನೆಲ್ಲ ಕಳೆದುಕೊಂಡು, ಉಳಿದ ಮೂರರಲ್ಲಿ ಸಂಜೆಯವರೆಗೂ ಜೀವ ಹಿಡಿದುಕೊಂಡಿರುವ ಭೂಪ. ಮೂರೋ, ನಾಲ್ಕೋ? ಈ ಕಥೆ ಹೇಳಿದಾಗಲೆಲ್ಲ ನನ್ನ ಸಂಖ್ಯೆ ಬದಲಾಗುತ್ತದೆ. ಪೂರ್ತಿ ನಂಬಬೇಡಿ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ದುಡ್ಡಿಲ್ಲ, ಬರೀ ಪ್ಲಾಸ್ಟಿಕ್ ಬಿಲ್ಲೆ. ಕೈಗೆ ಎರಡು ಎಲೆ ಬರುತ್ತವೆ. ಚೆನ್ನಾಗಿದ್ದರೆ ಬಿಲ್ಲೆ ಕಟ್ಟು, ಇಲ್ಲದಿದ್ದರೆ ಎಲೆ ಎಸೆ. ಸರದಿ ಬಂದಾಗ ಮಾತ್ರ ಒಂದು ಬಿಲ್ಲೆ ಕಡ್ಡಾಯ. ಬಿಲ್ಲೆ ಮುಗಿದವನು ಔಟ್. ಔಟಾದವನು ಹಾಲ್ ಒಳಗೆ ನಿಲ್ಲುವಂತಿಲ್ಲ, ಬೆನ್ನ ಹಿಂದೆ ನಿಂತು ಕಣ್ಸನ್ನೆ ಮಾಡುತ್ತಾರಂತೆ!

ಮಾವ ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹಿಂದಿನ ಒಂದು ರೂಮಿನಲ್ಲಿದ್ದಾನೆ. ಮದುವೆಯಾಗಲಿಲ್ಲ. ನಿವೃತ್ತಿಯವರೆಗೂ ಬಸ್ ಕಂಡಕ್ಟರ್. ಆ ಚಾಳಿ ಹೋಗುತ್ತದೆಯೇ? ಎಲ್ಲಿ ಆಡಿದರೂ ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಯೋಚಿಸಬೇಕಾದರೆ ‘ಹೋಲ್ಡಾನ್’, ಎಲೆ ಎಸೆದರೆ ‘ರೈಟ್!’ ಯಾರಾದರೂ ಔಟಾಗಿ ಎದ್ದರೆ, “ಒಳಗಡೆ ಜಾಗ ಐತೆ, ಸರ್ಕೊಳ್ಳಿ ಸ್ವಾಮಿ.”

ಅರಕಲಗೂಡಿನಲ್ಲಿ ಒಬ್ಬ ಮಹಾನುಭಾವ ಎದ್ದು ನಿಂತು ಕೂಗಿದ: “ಈವಯ್ಯ ಎಲೆಗೆ ಗುರ್ತು ಹಾಕ್ತಾವ್ನೆ ಸಾ!” ನಿಜ, ಎಲೆಯ ಮೂಲೆ ಮಡಿಸಿತ್ತು. ವರ್ಷಗಟ್ಟಲೆ ಟಿಕೆಟ್ ಮೂಲೆ ಮಡಿಸಿಕೊಟ್ಟ ಬೆರಳು, ಕಾಗದ ಸಿಕ್ಕರೆ ಬಿಡುತ್ತದೆಯೇ? ಕ್ಲಬ್ಬಿನ ಕಾರ್ಯದರ್ಶಿಗಳು ಕನ್ನಡಕ ಏರಿಸಿ ಇಡೀ ಕಟ್ಟನ್ನು ಪರೀಕ್ಷಿಸಿದರು. ಐವತ್ತೆರಡಕ್ಕೂ ಮೂಲೆ ಮಡಿಕೆ!

“ಇದ್ಯಾವ ಸೀಮೆ ಮೋಸ ಸ್ವಾಮಿ? ಎಲ್ಲಾದಕ್ಕೂ ಗುರ್ತು ಹಾಕಿದ್ರೆ ನಿಮಗೇನ್ ಗೊತ್ತಾಯ್ತದೆ?”

“ಏನೂ ಗೊತ್ತಾಗಕಿಲ್ಲ ಸಾ. ಅದುಕ್ಕೇ ಸೋಲ್ತಾ ಇರೋದು.”

ಇಂಥವನಿಗೂ ನನಗೂ ಚನ್ನರಾಯಪಟ್ಟಣದಲ್ಲಿ ಒಂದೇ ಟೇಬಲ್ ಬಂತು. ಭಾನುವಾರ. ಬಹುಮಾನ ಐದು ಲೀಟರಿನ ಪ್ರೆಶರ್ ಕುಕ್ಕರ್. “ಒಬ್ಬನಿಗೆ ಐದು ಲೀಟ್ರು! ಯಾವ ಸೈನ್ಯಕ್ಕೆ ಬೇಯ್ಸನಾ?” ಎಂದು ಅದನ್ನು ತಟ್ಟಿ ನೋಡಿದ. ಊಟದ ಹೊತ್ತಿಗೆ ಅವನ ಮುಂದೆ ಎಂದಿನ ಮೂರು ಬಿಲ್ಲೆ. ಮೂರು ಎರಡಾಗುವುದು, ಎರಡು ಒಂದಾಗುವುದು, ಆ ಒಂದನ್ನು ಕಟ್ಟಿ ಹೇಗೋ ಮತ್ತೆ ಮೂರು ಮಾಡಿಕೊಳ್ಳುವುದು. ಜನ ನಗುತ್ತಿದ್ದರು. ನಾನೂ ನಕ್ಕೆ.

ಒಮ್ಮೆ ಅವನು ಎಲೆ ಎಸೆಯುವಾಗ ಒಂದಲ್ಲ, ಎರಡೂ ಮಗುಚಿ ಬಿದ್ದವು. ಎರಡೂ ಎಕ್ಕ! ಅದಕ್ಕಿಂತ ಒಳ್ಳೆಯ ಎಲೆ ಈ ಆಟದಲ್ಲಿ ಕೈಗೆ ಬರುವುದೇ ಇಲ್ಲ.

“ಮಾವ, ಎರಡು ಎಕ್ಕಾನ ಎಸೆದ್ಬುಟ್ಯಲ್ಲ!”

“ಗೆದ್ರೆ ಸರಿ ಕಣ್ಲಾ. ಸೋತ್ರೆ? ಮೂರ್ ಗಂಟೆ ಬಸ್ಸಿಗೇ ಓಗ್ಬೇಕಾಯ್ತದೆ.”

“ಹೋದ್ರೇನು? ರೂಮಲ್ಲಿ ಏನೈತೆ?”

“ಏನೂ ಇಲ್ಲ. ಅದುಕ್ಕೇ.”

ಎಲೆ ಹಂಚುತ್ತಿದ್ದವನು ನಕ್ಕ. ನನಗೆ ಈ ಸಲ ಆಗಲಿಲ್ಲ.

ಐದು ಗಂಟೆಗೆ ಉಳಿದವರು ಇಬ್ಬರೇ: ಬಿಲ್ಲೆಗಳ ಗುಡ್ಡೆಯ ಹಿಂದೆ ನಾನು, ಮೂರು ಬಿಲ್ಲೆಯ ಹಿಂದೆ ಮಾವ. ಅವನ ಸರದಿಯಲ್ಲಿ ಅವನು ಎಸೆದ, ಅವನ ಬಿಲ್ಲೆ ನನಗೆ ಬಂತು. ನನ್ನ ಸರದಿಯಲ್ಲಿ ನಾನು ಎಸೆದೆ, ಅದೇ ಬಿಲ್ಲೆ ಅವನಿಗೆ ಹೋಯಿತು. ರೈಟ್. ರೈಟ್. ಒಂದೇ ಬಿಲ್ಲೆ ಅಕ್ಕಪಕ್ಕದ ಮನೆಯ ಸಕ್ಕರೆ ಬಟ್ಟಲಿನಂತೆ ಓಡಾಡಿತು. ಎಷ್ಟು ಹೊತ್ತು? ನೆನಪು ಅರ್ಧ ಗಂಟೆ ಎನ್ನುತ್ತದೆ. ಹತ್ತು ನಿಮಿಷವಿರಬೇಕು.

“ಏನ್ರೀ ಇದು, ಮಾವ ಅಳಿಯ ಸಂಸಾರ ಮಾಡ್ತಾ ಇದೀರಾ? ಆಡ್ರೀ! ಬೀಗ ಹಾಕ್ಬೇಕು!” ಅಲ್ಲಿನ ಕಾರ್ಯದರ್ಶಿಗಳು ರೇಗಿದರು.

ಮಾವ ಹಾಲ್ ಸುತ್ತ ಒಮ್ಮೆ ನೋಡಿದ. ಖಾಲಿ ಕುರ್ಚಿಗಳು. “ಹೋಲ್ಡಾನ್” ಎಂದ, ಮೆಲ್ಲಗೆ. ಮೂರೂ ಬಿಲ್ಲೆ ಮುಂದಕ್ಕೆ ತಳ್ಳಿದ.

ಇಲ್ಲಿ ನಾನು ಬೇಕೆಂದೇ ಸೋತೆ ಎಂದು ಬರೆದರೆ ನಿಮಗೂ ಹಿತ, ನನಗೂ ಹಿತ. ಆದರೆ ನನ್ನ ಕೈಯಲ್ಲಿ ಎರಡು ರಾಜ ಇದ್ದವು, ಕೈ ತಾನೇ ಮುಂದೆ ಹೋಯಿತು. ಗೆದ್ದೆ. ಮಾವ ಎದ್ದು ಪಂಚೆ ಕೊಡವಿಕೊಂಡು, “ಇಳಿಯೋರು ಇಳೀರಿ” ಎಂದು ತನಗೆ ತಾನೇ ಹೇಳಿಕೊಂಡು ಹೊರಟ.

ನನ್ನ ಬಸ್ಸು ಹಾಸನಕ್ಕೆ. ಅವನದು ಹೊಳೆನರಸೀಪುರಕ್ಕೆ. ಕುಕ್ಕರ್ ತಬ್ಬಿಕೊಂಡು ನಾನು ಅವನ ಬಸ್ಸನ್ನೇ ಹತ್ತಿದೆ.

“ಲೇ, ನಿನ್ನ ಊರು ಆ ಕಡೆ ಕಣ್ಲಾ.”

“ಗೊತ್ತು ಮಾವ. ಇದ್ರಲ್ಲಿ ಅನ್ನ ಮಾಡಿ ನೋಡಣ.”

ಅವನು ಸರಿದು ಜಾಗ ಕೊಟ್ಟ. ಕಂಡಕ್ಟರ್ ಬಂದ. ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು, ಹಿಂದಿನ ಸೀಟಿನವರೆಗೂ ಕೇಳುವಂತೆ ಕೂಗಿದ:

“ಹೊಳೆನರಸೀಪುರ, ಎರಡು!”