‘ಮನಿ’ ಅಂದ್ರ ಎದಿ ಝಲ್ಲ

ಜಮಖಂಡಿ, ಬನಹಟ್ಟಿ, ಬೀಳಗಿ ಕಡೆ ಸರಕಾರಿ ನರ್ಸಬಾಯಿಯಾಗಿ ಓಣಿ ಓಣಿ ತಿರುಗಿದವಳು ನಾನು. ಹುಟ್ಟಾ ಅಂಜುಬುರುಕಿ. ಹಾವಿಗೆ, ನಾಯಿಗೆ ಎಲ್ಲರೂ ಅಂಜುತ್ತಾರೆ. ನನ್ನನ್ನು ಹೆಚ್ಚು ಅಂಜಿಸಿದ್ದು ‘ಮನಿ’ ಅನ್ನೋ ಎರಡಕ್ಷರ. ಗೋಡೆ, ಬಾಗಿಲು ಇದ್ದದ್ದೇ ಮನಿ ಅಂತ ನಾನು ತಿಳಿದಿದ್ದೆ. ಜನ ಇನ್ನೂ ಯಾವ್ಯಾವುದಕ್ಕೋ ಮನಿ ಅನ್ನುತ್ತಿದ್ದರು, ಪ್ರತಿ ಸಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಎಂಟನೇ ಮನಿ

ಮೊದಲ ನೌಕರಿ ಸಾವಳಗಿಯಲ್ಲಿ. ಬಾಡಿಗೆ ಖೋಲಿಯಲ್ಲಿ ಒಬ್ಬಳೇ. ಬಂದ ವಾರವೇ, ಶನಿವಾರ ಮುಂಜಾನೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಲಿಂಬಿಹಣ್ಣು, ಕರಿ ಎಳ್ಳು, ಎಣ್ಣೆ ದೀಪ. ಯಾರೋ ಮಾಟ ಮಾಡಿಸಿದ್ದಾರೆ! ಮುಂದಿನ ಶನಿವಾರವೂ ಅದೇ. ಅನ್ನ ಸೇರದಾಯಿತು.

ಮತ್ತೊಂದು ಶನಿವಾರ ಬಾಗಿಲ ಸಂದಿಯಲ್ಲಿ ಕಾದು ನಿಂತೆ. ಓಣಿಯ ತುದಿಮನೆ ಅಜ್ಜಿ ಬಂದು ದೀಪ ಹಚ್ಚಿ ಅಡ್ಡಬಿದ್ದಳು. ಧೈರ್ಯಕ್ಕೆ ನನ್ನ ಸೂಜಿ ಡಬ್ಬಿ ಹಿಡಿದು ಹೊರಗೆ ಬಂದೆ.

“ಯಾಕಬೇ ಆಯಿ, ನನ್ನ ಮ್ಯಾಲೆ ಏನ ಸಿಟ್ಟು?”

ಅಜ್ಜಿ ನನಗಿಂತ ಹೆಚ್ಚು ನಡುಗುತ್ತಿದ್ದಳು. “ಸಿಟ್ಟಲ್ಲರಿ ಯವ್ವಾ, ಅಂಜಿಕಿ. ನನ್ನ ಎಂಟನೇ ಮನಿಯಾಗ ಶನಿ ಬಂದು ಕುಂತಾನಂತ ಜೋಯಿಸರು ಹೇಳ್ಯಾರ. ನಮ್ಮ ಮನಿಯಿಂದ ಎಣಿಸಿದ್ರ ಇದ ಎಂಟನೇದು. ನೀವೂ ಅದ ವಾರ ಬಂದ್ರಿ.”

“ಅದು ಕುಂಡಲಿಯೊಳಗಿನ ಮನಿ, ಆಯಿ. ಓಣಿ ಮನಿ ಅಲ್ಲ. ನಾ ಶನಿ ಅಲ್ಲ!”

ಅಜ್ಜಿ ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಸೂಜಿ ಡಬ್ಬಿ ನೋಡಿದಳು. “ಖರೆ ಶನಿ ಆದಾಂವ ತಾ ಶನಿ ಅಂತ ಒಪ್ಕೊತಾನೇನ್ರಿ?”

ಕಟ್ಟಿಮನಿ

ಬನಹಟ್ಟಿಯಲ್ಲಿ ಒಬ್ಬ ಬಸುರಿಯನ್ನು ನೋಡಲು ಹೋಗಿದ್ದೆ. ಕರೆಂಟ್ ಹೋಗಿ ಓಣಿಯ ಮಗ್ಗಗಳೆಲ್ಲ ಸುಮ್ಮನಾಗಿದ್ದವು. ಆಕೆಯ ಮನೆಯ ಮುಚ್ಚಿದ ಬಾಗಿಲ ಹಿಂದಿನ ಮಾತು ಸ್ಪಷ್ಟ ಕೇಳಿಸಿತು.

“ಮನಿಯಾಗ ಅದಾನಂತ ಬಿಟ್ಟೇನಿ. ಹೊರಗ ಬರಲಿ, ಕಡಿತೇನಿ!”

“ಅಂವನ್ನ ಕಡಿದ್ರ ನಿನ್ನ ಇಬ್ಬರನೂ ನಾ ಕಡಿತೇನಿ!”

ಎರಡೂ ಹೆಣ್ಣು ದನಿ. ಪಾಪ, ಬಸುರಿ ಹುಡುಗಿ ಇದರ ನಡುವೆ ಸಿಕ್ಕಿದ್ದಾಳೆ! ಓಡಿಹೋಗಿ ತಿರುವಿನಲ್ಲಿ ನಿಂತಿದ್ದ ಪೊಲೀಸಪ್ಪನನ್ನು ಕರೆತಂದೆ. ಅವನು ಲಾಠಿ ಎತ್ತಿ ಒಳಗೆ ನುಗ್ಗಿದ. ಹೋದವನು ಬರಲೇ ಇಲ್ಲ. ಕೂಗಾಟವೂ ನಿಂತಿತು. ಅವನನ್ನೂ ಮುಗಿಸಿದರು ಅಂತ ಅಳುತ್ತ ಕಿಟಕಿಯಲ್ಲಿ ಇಣುಕಿದೆ.

ಅತ್ತೆಯೂ ಬಸುರಿ ಸೊಸೆಯೂ ಚೌಕಾಬಾರ ಆಡುತ್ತಿದ್ದರು. ಗೀಟು ಹಾಕಿದ ಕಟ್ಟಿಮನಿಯಲ್ಲಿ ಕಾಯಿ ಕೂತರೆ ಕಡಿಯುವಂತಿಲ್ಲ, ಹೊರಗೆ ಬಂದರೆ ಬಿಡುವಂತಿಲ್ಲ. ಅವರ ನಡುವೆ ಪೊಲೀಸಪ್ಪ ಟೊಪ್ಪಿಗೆ ತೆಗೆದಿಟ್ಟು ಕವಡೆ ಕುಲುಕುತ್ತಿದ್ದ.

“ಒಂದೀಟ ತಡೀರಿ ಬಾಯಾರ,” ಅಂದ. “ಅತ್ತಿನ್ನ ಕಡದ ಬರ್ತೇನಿ.”

ಮನಿ ಮುಳುಗಿತು

ಅನಗವಾಡಿ ಕಡೆ ಇದ್ದಾಗಿನ ಮಾತು. ಆಣೆಕಟ್ಟಿನ ನೀರು ಇಂದು ಬಂತು, ನಾಳೆ ಬಂತು ಅಂತ ಹೊಳೆದಂಡೆಯ ಜನ ಗಂಟು ಕಟ್ಟಿಟ್ಟುಕೊಂಡೇ ಮಲಗುತ್ತಿದ್ದರು. ಎಷ್ಟೋ ಮಂದಿಗೆ ಕಣ್ಣಿಗೆ ನಿದ್ದೆ ಇರಲಿಲ್ಲ.

ಒಂದು ಮುಂಜಾನೆ ಎದುರುಮನೆಯಾಕೆ ಹೊರಗೆ ಓಡಿಬಂದು ಎದೆ ಬಡಿದುಕೊಂಡಳು. “ಮನಿ ಮುಳುಗ್ತಬೇ ಯವ್ವಾ, ನನ್ನ ಮನಿ ಮುಳುಗ್ತು!”

ಅಷ್ಟೇ ಸಾಕಾಯಿತು. ಕೈಗೆ ಸಿಕ್ಕಿದ್ದು ಹೊತ್ತು ಓಣಿಗೆ ಓಣಿಯೇ ರಸ್ತೆಯ ದಿಬ್ಬಕ್ಕೆ ಓಡಿತು. ನಾನು ಲಸಿಕೆ ಪೆಟ್ಟಿಗೆ ಅಪ್ಪಿಕೊಂಡು ಬರಿಗಾಲಲ್ಲಿ ಓಡಿದೆ. ಬೆನ್ನ ಹಿಂದೆ ನೀರಿನ ಭೋರ್ಗರೆತ ಖರೆಯೇ ಕೇಳಿಸುತ್ತಿತ್ತು. ಮೇಲೆ ನಿಂತು ತಿರುಗಿ ನೋಡಿದರೆ, ಹೊಳೆ ತನ್ನ ಜಾಗದಲ್ಲೇ ಇತ್ತು.

“ಎಲ್ಲೈತಿಬೇ ನೀರು?” ಅಂತ ಒಬ್ಬ ಮುದುಕ ಆಕೆಯನ್ನು ಕೇಳಿದ.

“ಯಾವ ನೀರು? ಮಗಳನ್ನ ನೋಡಾಕ ಗಂಡಿನವರು ಬರಾಕತ್ತಾರ, ಹೋಳಗಿ ಹೂರಣ ಎಲ್ಲಾ ನಾಯಿ ತಿಂತು. ಅದಕ್ಕ ಮನಿ ಮುಳುಗ್ತು ಅಂದ್ನಿ. ನೀವೆಲ್ಲಾ ಓಡಿದ್ರಿ, ನಾನೂ ಅಂಜಿ ಓಡಿಬಂದ್ನಿ!”

ಬೈಯಲು ಎಲ್ಲರೂ ಬಾಯಿ ತೆರೆಯುವಷ್ಟರಲ್ಲಿ ಗಂಡಿನವರ ಟ್ರ್ಯಾಕ್ಟರ್ ಬಂದು ನಿಂತಿತು. ಹಂಡೆ, ಹಾಸಿಗೆ, ಕೊಡ, ಎಮ್ಮೆಕರು ಹಿಡಿದು ಜನ ರಸ್ತೆಗುಂಟ ನಿಂತಿದ್ದರು. ಒಬ್ಬಾಕೆ ಕೂಸಿನ ಸಮೇತ ತೊಟ್ಟಿಲನ್ನೇ ಎತ್ತಿ ತಂದಿದ್ದಳು. ಹುಡುಗನ ಅಪ್ಪ ಇಳಿದು, ತಲೆಯ ಪಟಗ ಸರಿಮಾಡಿಕೊಂಡು, ಎಲ್ಲರಿಗೂ ಕೈ ಮುಗಿದ.

“ಇಷ್ಟ ಯಾಕ ತ್ರಾಸ ತಗೊಂಡ್ರಿ? ಕನ್ಯಾ ನೋಡೂ ಮೊದಲ ಮದವಿ ಸಾಮಾನ ಕೊಡಾಕ ಊರಿಗೆ ಊರೇ ಬಂದೀರಿ, ಭಾಳ ಸಂತೋಷ ಆತು.”

ಆಮೇಲೆ ತೊಟ್ಟಿಲ ಕಡೆ ನೋಡಿ ದನಿ ಸಣ್ಣದು ಮಾಡಿದ. “ಆದ್ರ ಕೂಸು ಐತಿ ಅಂತ ನಮಗ ಯಾರೂ ಹೇಳಿರಲಿಲ್ಲರಿ!”